ಕುದಿನೀರಿಗೆ ಅಂಜದ ಹಾಲಿನ ಬಾಟಲಿ

ತುರ್ವಿಹಾಳದಂತಹ ರಾಯಚೂರು ಸೀಮೆಯ ಊರುಗಳಲ್ಲಿ ಬೇಸಗೆಯ ಶಾಖವು 40 ಡಿಗ್ರಿ ಸೆಲ್ಸಿಯಸನ್ನು ಮೀರುವುದುಂಟು. ತೊಳೆದ ಪಾತ್ರೆಗಳನ್ನು ಅಂಗಳದ ಬಿಸಿಲಿನಲ್ಲಿ ಒಣಗಿಸುವುದು ನಮ್ಮ ಮನೆಗಳ ವಾಡಿಕೆಯಷ್ಟೆ. ಕೂಸಿನ ಹಾಲಿನ ಬಾಟಲಿಗೆ ಮಾತ್ರ ಈ ವಾಡಿಕೆ ಸಲ್ಲದೆಂದು ಗೃಹಿಣಿಯರಲ್ಲಿ ಅರಿಕೆ ಮಾಡುವೆವು.

ತಾಯಿಹಾಲಿಗೆ ಸಮನಾದುದಿಲ್ಲ. ಬಾಟಲಿಯು ಅನಿವಾರ್ಯವಾದಲ್ಲಿ ಅದನ್ನು ಕುದಿಸಲೇಬೇಕು. ಗಾಜು ಕೈಜಾರಿದರೆ ಒಡೆಯುವುದು. ಪಾಲಿಕಾರ್ಬೊನೇಟ್ ಎಂಬ ತಿಳಿಯಾದ ಪ್ಲಾಸ್ಟಿಕ್ಕು ಒಡೆಯದು. ಆದರೆ ಬಿಸಿ ತಾಕಿದಾಗ ಅದರಿಂದ ಬಿಸ್ಫಿನಾಲ್-ಎ ಎಂಬ ದ್ರವ್ಯವು ಹಾಲಿಗೆ ಇಳಿಯುವುದು. ಆದುದರಿಂದಲೇ ಭಾರತೀಯ ಮಾನಕವು 2015ರಲ್ಲಿ ಹಾಲಿನ ಬಾಟಲಿಗಳಿಗೆ ಅದನ್ನು ವರ್ಜಿಸಿತು.

ಈ ಕೊರತೆಯನ್ನು ತುಂಬತಕ್ಕ ವಸ್ತುಗಳಲ್ಲೊಂದು ಪಾಲಿಸಲ್ಫೋನ್ ಕುಲದ್ದು. 1965ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಪಾಲಿಸಲ್ಫೋನ್ ಸುಮಾರು 185 ಡಿಗ್ರಿಯವರೆಗೆ ಮೆತ್ತಗಾಗದು. ಬಾಟಲಿಗೆ ಬಳಸುವ ಪಿ.ಪಿ.ಎಸ್.ಯು. ಎಂಬ ಬಗೆಯು ಸುಮಾರು 220 ಡಿಗ್ರಿಯವರೆಗೆ. ಅದರ ಜೇನುಬಣ್ಣವು ಕೊಳೆಯಲ್ಲ, ಹುಟ್ಟುಗುಣ. ಆಸ್ಪತ್ರೆಯ ಉಪಕರಣಗಳನ್ನು ಹಬೆಯಲ್ಲಿ ಶುದ್ಧಿಮಾಡುವ ತಟ್ಟೆಗಳು, ಡಯಾಲಿಸಿಸ್ ಶೋಧಕದ ಟೊಳ್ಳು ಎಳೆಗಳು, ಆರ್.ಓ. ನೀರಿನ ಯಂತ್ರದ ಪೊರೆಗೆ ಆಧಾರವಾದ ಪದರ, ಇವೆಲ್ಲ ಈ ಕುಲದಿಂದಲೇ ಆಗುವುವು.

ಇಂತಹ ಗಟ್ಟಿಗನಿಗೂ ಬಿಸಿಲು ವೈರಿ. ಸೂರ್ಯನ ನೇರಿಳಾತೀತ ಕಿರಣಗಳು ಬಹುದಿನ ತಾಕಿದರೆ ಬಣ್ಣ ಕಂದಿ, ಮೈ ಪೆಡಸಾಗಿ, ಬಿರುಕು ಬಿಡುವುದು. ಬಿರುಕಿನಲ್ಲಿ ಹಾಲಿನ ಜಿಡ್ಡು ನಿಂತು ಕ್ರಿಮಿಗಳು ಬೆಳೆಯುವುವು.

ಆದುದರಿಂದ ಬಾಟಲಿಯ ಮೇಲಿನ ಹೆಸರನ್ನು ಓದಿ ಕೊಳ್ಳತಕ್ಕದ್ದು. ಕುದಿಸಿದ ಮೇಲೆ ನೆರಳಿನಲ್ಲಿ, ಶುಭ್ರವಾದ ಬಟ್ಟೆಯ ಮೇಲೆ ಬೋರಲಿಟ್ಟು ಆರಿಸತಕ್ಕದ್ದು. ಗೀರು ಕಂಡೊಡನೆ, ಬೆಲೆಯನ್ನು ನೆನೆಯದೆ, ಬಿಟ್ಟುಬಿಡತಕ್ಕದ್ದು.