ರಸಬಾಳೆಗೆ ಗೊಬ್ಬರ: ಎಷ್ಟು, ಯಾವಾಗ, ಏಕೆ

ಶ್ರೀಕಂಠೇಶ್ವರನ ಸನ್ನಿಧಿಯನ್ನು ಬಿಟ್ಟರೆ ನಂಜನಗೂಡಿನ ಹೆಸರನ್ನು ನಾಡಿನ ಮನೆಮನೆಗೆ ಮುಟ್ಟಿಸಿದವು ಎರಡೇ: ಒಂದು ಹಲ್ಲುಪುಡಿ, ಮತ್ತೊಂದು ರಸಬಾಳೆ. ಪಂಚಾಮೃತಕ್ಕೂ ರಸಾಯನಕ್ಕೂ ಇದಕ್ಕೆ ಸಮನಾದ ಹಣ್ಣಿಲ್ಲವೆಂದು ನಮ್ಮ ತಾಯಂದಿರು ಬಲ್ಲರು. ಭೌಗೋಳಿಕ ಸೂಚಿಯ ಮನ್ನಣೆಯೂ ಇದಕ್ಕೆ ದೊರೆತಿದೆ. ಆದರೆ ಹಿಂದೆ ವಿಶಾಲವಾಗಿ ಹಬ್ಬಿದ್ದ ಇದರ ತೋಟಗಳು ಇಂದು ಅಲ್ಲೊಂದು ಇಲ್ಲೊಂದು ಉಳಿದಿವೆ. ಕಾರಣ, ಪನಾಮಾ ಸೊರಗು ರೋಗ. ಮತ್ತೆ ರಸಬಾಳೆಯನ್ನು ನೆಡಬೇಕೆಂಬ ಉತ್ಸಾಹ ಈಚೆಗೆ ಕೆಲವು ಕುಟುಂಬಗಳಲ್ಲಿ ಮೂಡಿರುವುದರಿಂದ, ಅದರ ಪೋಷಣೆಯ ವಿಷಯವಾಗಿ ನಾಲ್ಕು ಮಾತು ಹೇಳುವುದು ಉಚಿತವೆಂದು ಭಾವಿಸಿದ್ದೇವೆ.

ನಂಜನಗೂಡು, ತಿರುಮಕೂಡಲು ನರಸೀಪುರ ಎರಡೂ ತಾಲ್ಲೂಕುಗಳು ಕೃಷಿ ವಿಭಾಗದ ಲೆಕ್ಕದಲ್ಲಿ ದಕ್ಷಿಣದ ಒಣ ವಲಯಕ್ಕೆ ಸೇರಿದವು. ಕಾವೇರಿ, ಕಪಿಲೆಯರ ನಾಲೆಗಳು ಹರಿಯುವುದರಿಂದ ಬನ್ನೂರಿನ ಸುತ್ತ ಹಸಿರು ಕಾಣುತ್ತೇವೆಯೇ ಹೊರತು ಮಳೆಯನ್ನೇ ನೆಚ್ಚಿದ್ದರೆ ಬಾಳೆಯ ಮಾತೇ ಇರುತ್ತಿರಲಿಲ್ಲ. ಒಣಸೀಮೆಯಲ್ಲಿ ನೀರು ಸಿಕ್ಕಿತೆಂದರೆ ಕೈ ತಡೆಯುವುದು ಕಷ್ಟ. ನೀರನ್ನೂ ಯೂರಿಯಾವನ್ನೂ ಧಾರಾಳವಾಗಿ ಸುರಿಯುತ್ತೇವೆ. ರಸಬಾಳೆಗೆ ಈ ಧಾರಾಳವೇ ಮುಳುವು.

ಬಾಳೆಯು ಭೂಮಿಯಿಂದ ಅತಿ ಹೆಚ್ಚಾಗಿ ಎಳೆಯುವುದು ಸಾರಜನಕವನ್ನಲ್ಲ, ಪೊಟ್ಯಾಷನ್ನು. ಎಲೆ ಕಪ್ಪುಹಸುರಾಗಿ ಸೊಂಪಾಗಿ ಬೆಳೆದ ಮಾತ್ರಕ್ಕೆ ಗೊನೆ ತುಂಬುವುದಿಲ್ಲ. ಕಾಯಿ ದಪ್ಪವಾಗುವುದಕ್ಕೂ ಹಣ್ಣಿಗೆ ಸಿಹಿ ಇಳಿಯುವುದಕ್ಕೂ ಪೊಟ್ಯಾಷ್ ಬೇಕು. ನಮ್ಮ ನಾಡಿನ ಬಾಳೆಗೆ ಗಿಡವೊಂದಕ್ಕೆ 180 ಗ್ರಾಂ ಸಾರಜನಕ, 108 ಗ್ರಾಂ ರಂಜಕ, 225 ಗ್ರಾಂ ಪೊಟ್ಯಾಷ್ ಎಂಬ ಪ್ರಮಾಣವನ್ನು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಅಂಗಡಿಯ ಚೀಲದ ಲೆಕ್ಕದಲ್ಲಿ ಇದು ಸುಮಾರು 390 ಗ್ರಾಂ ಯೂರಿಯಾ, 675 ಗ್ರಾಂ ಸೂಪರ್ ಫಾಸ್ಫೇಟ್, 375 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಆಗುತ್ತದೆ. ಇದೇ ಕೊನೆಯ ಮಾತಲ್ಲ, ಸುತ್ತೂರಿನ ಜೆ.ಎಸ್.ಎಸ್. ಕೃಷಿ ವಿಜ್ಞಾನ ಕೇಂದ್ರದಂತಹ ಕಡೆ ಮಣ್ಣನ್ನು ಪರೀಕ್ಷೆ ಮಾಡಿಸಿ ಹೆಚ್ಚುಕಡಿಮೆ ಮಾಡಿಕೊಳ್ಳಬೇಕು. ಚೌಳು ಮಣ್ಣಾದರೆ ಮ್ಯೂರಿಯೇಟಿಗಿಂತ ಸಲ್ಫೇಟ್ ಆಫ್ ಪೊಟ್ಯಾಷ್ ಲೇಸು, ಬೆಲೆ ಮಾತ್ರ ಹೆಚ್ಚು.

ಪ್ರಮಾಣಕ್ಕಿಂತ ಕಾಲ ಮುಖ್ಯ. ಗೊನೆಯಲ್ಲಿ ಎಷ್ಟು ಚಿಪ್ಪು ಬರಬೇಕೆಂಬುದು ಹೂ ಹೊರಗೆ ಕಾಣುವ ಬಹಳ ಮೊದಲೇ, ನೆಟ್ಟ ಐದಾರು ತಿಂಗಳಿಗೇ, ದಿಂಡಿನ ಒಳಗೆ ನಿರ್ಧಾರವಾಗಿಬಿಡುತ್ತದೆ. ಹೂಮೊಗ್ಗು ಇಣುಕಿದ ಮೇಲೆ ಯೂರಿಯಾ ಹಾಕಿ ಚಿಪ್ಪು ಹೆಚ್ಚಿಸುತ್ತೇವೆಂಬುದು ಮದುವೆ ಮುಗಿದ ಮೇಲೆ ಹೆಣ್ಣು ನೋಡಲು ಹೋದಂತೆ. ಆದ್ದರಿಂದ ಸಾರಜನಕವನ್ನು ಒಂದನೆಯ ತಿಂಗಳಿಂದ ಸಣ್ಣ ಕಂತುಗಳಲ್ಲಿ ಕೊಡುತ್ತ, ಹೂ ಬರುವ ಮುನ್ನವೇ ಮುಗಿಸಬೇಕು. ಪೊಟ್ಯಾಷನ್ನು ಮಾತ್ರ ಗೊನೆ ಬಿಟ್ಟ ಮೇಲೂ ಒಂದು ಕಂತು ಉಳಿಸಿಕೊಳ್ಳಬಹುದು. ಗೊಬ್ಬರವನ್ನು ಬುಡಕ್ಕೆ ತಾಗಿಸದೆ ಒಂದೂವರೆ ಅಡಿ ದೂರದಲ್ಲಿ ಸುತ್ತಲೂ ಹಾಕಿ, ಮಣ್ಣು ಮುಚ್ಚಿ, ಹಿತವಾಗಿ ನೀರು ಕೊಡಬೇಕು. ಹನಿ ನೀರಾವರಿಯಿದ್ದವರು ಕರಗುವ ಗೊಬ್ಬರವನ್ನು ವಾರವಾರ ಸ್ವಲ್ಪಸ್ವಲ್ಪವೇ ಬಿಡಬಹುದು.

ತಿಪ್ಪೆಗೊಬ್ಬರವನ್ನು ಮರೆತು ಈ ಚೀಲಗಳನ್ನೇ ನಂಬುವುದು ತರವಲ್ಲ. ಬನ್ನೂರು ಕುರಿಯ ಹೆಸರು ದೇಶಕ್ಕೇ ಗೊತ್ತು. ಅದರ ಮಾಂಸದ ಕೀರ್ತಿ ನಮಗೆ ಸಂಬಂಧಿಸಿದ್ದಲ್ಲ, ಹಿಕ್ಕೆ ಸಂಬಂಧಿಸಿದ್ದು! ಹಿಂದಿನವರು ಬೇಸಗೆಯಲ್ಲಿ ಕುರಿಗಾಹಿಗಳಿಗೆ ಕಾಳು ಕೊಟ್ಟು ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸುತ್ತಿದ್ದರು. ಕುರಿಗೊಬ್ಬರದಲ್ಲಿ ದನದ ಗೊಬ್ಬರಕ್ಕಿಂತ ಸಾರಜನಕ ಹೆಚ್ಚು. ಚೆನ್ನಾಗಿ ಕಳಿತ ಗೊಬ್ಬರಕ್ಕೆ ಟ್ರೈಕೋಡರ್ಮಾ ಬೆರೆಸಿ ಗುಂಡಿಗೆ ಹಾಕಿದರೆ ಸೊರಗಿನ ಶಿಲೀಂಧ್ರಕ್ಕೆ ಸ್ವಲ್ಪ ಮಟ್ಟಿಗೆ ಪ್ರತಿಸ್ಪರ್ಧಿ ಸಿಕ್ಕಂತಾಗುತ್ತದೆ.

ಸ್ವಲ್ಪ ಮಟ್ಟಿಗೆ ಎಂದೆವು. ಏಕೆಂದರೆ ಸೊರಗಿಗೆ ಗೊಬ್ಬರ ಮದ್ದಲ್ಲ. ಕೆಳಗಿನ ಎಲೆ ಅಂಚಿನಿಂದ ಹಳದಿಯಾಗಿ, ತೊಟ್ಟಿನಲ್ಲಿ ಮುರಿದು, ದಿಂಡಿನ ಸುತ್ತ ಲಂಗದಂತೆ ಜೋತುಬಿದ್ದಾಗ ಅನೇಕರು ಹಸಿವೆಂದು ಭ್ರಮಿಸಿ ಇನ್ನಷ್ಟು ಯೂರಿಯಾ ಸುರಿಯುತ್ತಾರೆ. ಅಮೋನಿಯಾ ರೂಪದ ಸಾರಜನಕ ಹೆಚ್ಚಾದಷ್ಟೂ ರೋಗ ಬಲಿಯುತ್ತದೆ. ಗೆಡ್ಡೆಯನ್ನು ಸೀಳಿ ನೋಡಿ, ಕೆಂಗಂದು ಗೆರೆಗಳಿದ್ದರೆ ಅದು ಪನಾಮಾ ರೋಗವೇ. 1950ರ ದಶಕದ ಹೊತ್ತಿಗೆ ಅಮೆರಿಕ ಖಂಡದ ಗ್ರೋ ಮಿಶೆಲ್ ಎಂಬ ವ್ಯಾಪಾರಿ ಬಾಳೆಯನ್ನು ನೆಲಸಮ ಮಾಡಿದ್ದೂ ಇದೇ. ಇದರ ಬೀಜಕಗಳು ಮಣ್ಣಿನಲ್ಲಿ ದಶಕಗಳ ಕಾಲ ಬದುಕಿರುತ್ತವೆ. ರೋಗದ ಗಿಡದ ಬುಡದಿಂದ ಹಾಯ್ದ ನೀರು, ಮಣ್ಣಂಟಿದ ಗುದ್ದಲಿ ಎರಡೂ ಅದನ್ನು ಪಕ್ಕದ ಸಾಲಿಗೆ ಒಯ್ಯುತ್ತವೆ. ಆ ಗಿಡವನ್ನು ಅಲ್ಲಿಯೇ ಕಿತ್ತು ಸುಡಬೇಕು, ನಾಲೆಗೆ ಎಸೆಯಬಾರದು. ನಾಲೆಯ ಕೆಳಗಿನ ಜಮೀನಾದರೆ ಬಾಳೆಯನ್ನು ಬಿಟ್ಟು ಭತ್ತ ಹಾಕಿ, ನಿಂತ ನೀರಿನಲ್ಲಿ ಶಿಲೀಂಧ್ರ ಕ್ಷೀಣಿಸುತ್ತದೆ. ಈ ಅನುಕೂಲ ಬನ್ನೂರಿನ ಗದ್ದೆಯವರಿಗೆ ಇದ್ದೇ ಇದೆ.

ಇನ್ನು ಕಂದಿನ ವಿಷಯ. ಮಗಳ ಮನೆಗೆ ತವರಿನಿಂದ ಬಾಳೆಕಂದು ಕಳುಹಿಸುವುದು ನಮ್ಮಲ್ಲಿ ಪ್ರೀತಿಯ ವಾಡಿಕೆ. ಕಣ್ಣಿಗೆ ಪುಷ್ಟವಾಗಿ ಕಾಣುವ ಕಂದಿನೊಳಗೂ ರೋಗ ಅಡಗಿರಬಹುದು. ಅಂಗಾಂಶ ಕೃಷಿಯ ಸಸಿ ನಿರ್ಮಲವಾಗಿರುತ್ತದೆ, ಆದರೆ ಅದಕ್ಕೂ ರೋಗನಿರೋಧ ಶಕ್ತಿಯಿಲ್ಲ. ಬಾಳೆ ಸತ್ತ ಗುಂಡಿಯಲ್ಲಿ ಅದನ್ನು ನೆಟ್ಟರೆ ಅದೂ ಸೊರಗುತ್ತದೆ. ಬಾಳೆ ಬೆಳೆಯದ ಹೊಸ ನೆಲವನ್ನು ಆರಿಸಿ, ನೀರು ಬಸಿಯುವಂತೆ ಕಾಲುವೆ ತೆಗೆದು, ಮೊದಲ ವರ್ಷ ಹತ್ತಿಪ್ಪತ್ತು ಸಸಿ ಮಾತ್ರ ಇಟ್ಟು ನೋಡುವುದು ಒಳಿತು. ತವರಿನವರು ಗೊನೆಯನ್ನೇ ಕಳುಹಿಸಲಿ.