ಮರೆವಿನ ಹಿರಿಯರನ್ನು ಮಂಚಕ್ಕೆ ಸೀಮಿತಗೊಳಿಸಬೇಡಿ

"ಬಿದ್ದುಬಿಡ್ತಾರ ಡಾಕ್ಟರೇ, ಅದಕ್ಕ ಏಳಾಕ ಬಿಡಂಗಿಲ್ಲ." ಯಾದಗಿರಿ, ಶಹಾಪುರ, ಸುರಪುರದ ಮನೆಗಳಲ್ಲಿ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಇರುವ ಹಿರಿಯರ ಬಗ್ಗೆ ಹೆಚ್ಚಾಗಿ ಕೇಳಿಬರುವ ಮಾತಿದು. ಕಾಳಜಿಯ ಮಾತೇ. ಆದರೆ ಕೂತಲ್ಲೇ ಕೂತರೆ ಕೆಲವೇ ವಾರಗಳಲ್ಲಿ ಕಾಲಿನ ಸ್ನಾಯುಗಳು ಸೊರಗುತ್ತವೆ. ಮಲಬದ್ಧತೆ, ಬೆನ್ನಹುಣ್ಣು ಶುರುವಾಗುತ್ತವೆ. ಆಮೇಲೆ ಎದ್ದ ದಿನ ಬೀಳುವ ಅಪಾಯ ಇನ್ನೂ ಹೆಚ್ಚು.

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಈ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಯುನಾನಿ ಪದ್ಧತಿಯು ಆರೋಗ್ಯಕ್ಕೆ ಅವಶ್ಯವೆನ್ನುವ ಆರು ಸಂಗತಿಗಳಲ್ಲಿ ದೇಹದ ಚಲನೆ ಮತ್ತು ವಿಶ್ರಾಂತಿಯೂ ಒಂದು. ಎರಡೂ ಹದವಾಗಿರಬೇಕು. ನಡಿಗೆಯಿಂದ ಕಳೆದ ನೆನಪು ಮರಳುವುದಿಲ್ಲ. ಶೌಚಕ್ಕೆ ತಾವೇ ಹೋಗುವ ಶಕ್ತಿ ಹೆಚ್ಚು ಕಾಲ ಉಳಿಯುತ್ತದೆ.

ಏಳಿಸುವ ಕ್ರಮ: ಜೋತುಬಿದ್ದ ಹೊರಸಿನಿಂದ ಏಳುವುದು ಕಷ್ಟ. ಮೊಣಕಾಲೆತ್ತರದ ಗಟ್ಟಿ ಕುರ್ಚಿ ಅಥವಾ ಮಂಚವಿರಲಿ. ಮಲಗಿದ್ದರೆ ಮೊದಲು ಎರಡು ನಿಮಿಷ ಕೂರಿಸಿ. ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ಸುತ್ತಬಹುದು. ಪಾದ ಹಿಂದಕ್ಕೆಳೆದು, ಮುಂದಕ್ಕೆ ಬಾಗಿ ಏಳಲಿ. ಕಂಕುಳಿಗೆ ಕೈಹಾಕಿ ಎಳೆಯಬೇಡಿ. "ಅಮ್ಮಿ, ಏಳ್ರಿ" ಎಂದು ಒಂದೇ ಮಾತು ಹೇಳಿ ಕಾಯಿರಿ. ಅದು ಅರ್ಥವಾಗಲು ಅವರಿಗೆ ಸಮಯ ಬೇಕು.

ಮನೆಯೊಳಗೆ: ಒದ್ದೆಯಾದ ಪರಸಿ ಕಲ್ಲು ಜಾರುತ್ತದೆ, ಕೂಡಲೇ ಒರೆಸಿ. ಕಪ್ಪು ಚಾಪೆ ಅವರ ಕಣ್ಣಿಗೆ ಗುಂಡಿಯಂತೆ ಕಾಣಬಹುದು, ತೆಗೆಯಿರಿ. ಹೊಸ್ತಿಲಿಗೆ ಎದ್ದು ಕಾಣುವ ಬಣ್ಣ, ಬಚ್ಚಲಲ್ಲಿ ಹಿಡಿಕೆ, ರಾತ್ರಿ ಸಣ್ಣ ದೀಪ ಇರಲಿ. ಸಡಿಲ ಚಪ್ಪಲಿ ಬೇಡ, ಹಿಮ್ಮಡಿ ಹಿಡಿಯುವಂಥದ್ದಿರಲಿ.

ನಮಾಝಿನ ವೇಳೆಯೇ ವೇಳಾಪಟ್ಟಿ: ಹೆಸರು ಮರೆತರೂ ದಶಕಗಳ ರೂಢಿಯನ್ನು ದೇಹ ಬೇಗ ಮರೆಯುವುದಿಲ್ಲ. ಅಝಾನ್ ಕೇಳಿದಾಗ ವುಝೂಗೆ ನಡೆಸಿಕೊಂಡು ಹೋದರೆ ದಿನಕ್ಕೆ ಐದು ಸಲ ನಡಿಗೆಯಾಯಿತು. ನಿಲ್ಲಲಾಗದವರು ಕುರ್ಚಿಯಲ್ಲಿ ಕೂರಲಿ. ರಕಅತ್ ತಪ್ಪಿದರೆ ಗದರಬೇಡಿ. ಬೇಸಿಗೆಯಲ್ಲಿ ಫಜ್ರ್ ನಂತರ ಅಥವಾ ಮಗ್ರಿಬ್‌ಗೆ ಮುನ್ನ ಅಂಗಳದಲ್ಲಿ ಹತ್ತು ನಿಮಿಷ ಸಾಕು.

ಕಾಲಿಗೆ ಬೆಚ್ಚಗಿನ ಎಣ್ಣೆ ಹಚ್ಚಿ ಮೃದುವಾಗಿ ತಿಕ್ಕಿದರೆ ಬಿಗಿತ ಸಡಿಲವಾಗುತ್ತದೆ. ಆದರೆ ಒಂದೇ ಕಾಲು ಊದಿ, ಕೆಂಪಾಗಿ ನೋಯುತ್ತಿದ್ದರೆ ತಿಕ್ಕಬೇಡಿ; ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ನಿನ್ನೆ ನಡೆಯುತ್ತಿದ್ದವರು ಇಂದು ಏಳದಿದ್ದರೆ ಅದನ್ನು ಮರೆವೆಂದು ಬಿಡಬೇಡಿ. ಮೂತ್ರದ ಸೋಂಕು, ಮೂಳೆ ಮುರಿತ, ಪಾರ್ಶ್ವವಾಯು, ಹೊಸ ನಿದ್ರೆ ಮಾತ್ರೆ ಯಾವುದೂ ಕಾರಣವಾಗಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ಕೆಲಸವೆಲ್ಲ ಒಬ್ಬ ಸೊಸೆ ಅಥವಾ ಮಗಳ ಹೆಗಲಿಗೇ ಬೀಳುವುದು ನ್ಯಾಯವಲ್ಲ. ದಣಿದವರು 14416ಕ್ಕೆ (ಟೆಲಿ ಮಾನಸ್) ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನಲ್ಲೋ ಮುಂಬೈನಲ್ಲೋ ದುಡಿಯುವ ಗಂಡುಮಕ್ಕಳು ಹಣ ಕಳಿಸಿದರಷ್ಟೇ ಸಾಲದು. ರಜೆಗೆ ಬಂದ ದಿನಗಳಲ್ಲಿ ಅಬ್ಬಾನನ್ನು ವುಝೂಗೆ ನಡೆಸಿಕೊಂಡು ಹೋಗುವ ಕೆಲಸ ಅವರದಾಗಲಿ.