ಚುಕ್ಕೆಗಳ ನಡುವಿನ ಮಸುಕು

ಹರಳೊಂದರ ಮೂಲಕ ಎಕ್ಸ್-ರೇ ಹಾಯಿಸಿದರೆ ಫಿಲ್ಮಿನ ಮೇಲೆ ಚೂಪಾದ ಚುಕ್ಕೆಗಳು ಮೂಡುತ್ತವೆ. ಅವುಗಳಿಂದ ಪರಮಾಣುಗಳ ಜೋಡಣೆಯನ್ನು ಲೆಕ್ಕಹಾಕುವ ದಾರಿಯನ್ನು ಬ್ರಾಗ್ ತಂದೆ-ಮಗ 1913ರ ಹೊತ್ತಿಗೇ ತೋರಿಸಿಕೊಟ್ಟರು. ಆದರೆ ಚುಕ್ಕೆಗಳು ಕೊಡುವುದು ಇಡೀ ಹರಳಿನ ಸರಾಸರಿಯನ್ನಷ್ಟೇ. ಜನಗಣತಿಯ ಒಟ್ಟು ಲೆಕ್ಕ ನೋಡಿ ಯಾರ ಮನೆಯ ಪಕ್ಕ ಯಾರ ಮನೆ ಎಂದು ಹೇಳಲಾದೀತೆ? ಪರಮಾಣುಗಳ ನೆರೆಹೊರೆ ತಿಳಿಯಬೇಕಾದರೆ ಚುಕ್ಕೆಗಳ ನಡುವೆ ಹರಡಿರುವ ಮಸುಕನ್ನು ಓದಬೇಕು. ಬಹುಕಾಲ ಅದನ್ನು ಹಿನ್ನೆಲೆಯ ಕಸವೆಂದೇ ಕಳೆದುಬಿಡುತ್ತಿದ್ದರು.

ಅದು ಕಸವಲ್ಲ ಎಂಬುದಕ್ಕೆ ಒಳ್ಳೆಯ ಸಾಕ್ಷಿ ಸಿಕ್ಕಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಜನರ ಬಾಯಲ್ಲಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ. 1940ರಲ್ಲಿ ಸಿ. ವಿ. ರಾಮನ್ ಮತ್ತು ಪಿ. ನೀಲಕಂಠನ್ ಅಲ್ಲಿ ವಜ್ರದ ಚಿತ್ರ ತೆಗೆದಾಗ, ನಿಯಮದ ಪ್ರಕಾರ ಏನೂ ಇರಬಾರದ ಕಡೆ ಗುರುತುಗಳು ಕಂಡವು. ಎಕ್ಸ್-ರೇಯೇ ಹರಳಿನಲ್ಲಿ ಕಂಪನ ಎಬ್ಬಿಸುತ್ತದೆಂದು ರಾಮನ್ ವಾದಿಸಿದರು. ಇದು ಶಾಖದ ಅಲುಗಾಟ ಎಂದರು ಲಂಡನ್ನಿನ ಕ್ಯಾಥ್ಲೀನ್ ಲಾನ್ಸ್‌ಡೇಲ್. ರಾಮನ್ ವಿವರಣೆ ನಿಲ್ಲಲಿಲ್ಲ, ನಿಜ. ಆದರೆ ಶಾಖವೊಂದೇ ಉತ್ತರವೂ ಆಗಿರಲಿಲ್ಲ. ಶಾಖದ ಮಸುಕು ಎಲ್ಲ ವಜ್ರಗಳಲ್ಲೂ ಕಾಣುತ್ತದೆ, ತಣಿಸಿದರೆ ಕುಗ್ಗುತ್ತದೆ. ಕೆಲವು ವಜ್ರಗಳಲ್ಲಿ ಮಾತ್ರ, ಹರಳಿನ ಘನಾಕೃತಿಯ (ಕ್ಯೂಬ್) ಅಕ್ಷಗಳ ದಿಕ್ಕಿಗೆ ಉದ್ದಕ್ಕೆ ಚಾಚಿದ ಬೇರೆ ಗುರುತುಗಳಿದ್ದವು. ತಣಿಸಿದರೂ ಅವು ಕುಗ್ಗಲಿಲ್ಲ. ತೀರ ತೆಳುವಾದ ಪದರವೊಂದು ಕಿರಣವನ್ನು ತನಗೆ ಲಂಬವಾಗಿ ಉದ್ದಕ್ಕೆ ಚದುರಿಸುತ್ತದೆ. ಹಾಗಾಗಿ ಗುರುತಿನ ದಿಕ್ಕೇ ದೋಷದ ಆಕಾರವನ್ನು ಹೇಳಿತು: ಸಾರಜನಕ ಬೆರೆತ ವಜ್ರಗಳಲ್ಲಿ ಘನಾಕೃತಿಯ ಮುಖಗಳಿಗೆ ಸಮಾನಾಂತರವಾಗಿ ಕೂತ ತೆಳು ಪದರಗಳು.

ಒಂದೇ ಮಸುಕು ಹಲವು ಬಗೆಯ ಜೋಡಣೆಗಳಿಂದ ಹುಟ್ಟಬಹುದಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಈಗ ಸಿಂಕ್ರೊಟ್ರಾನ್ ಎಂಬ ವೇಗವರ್ಧಕದ ಪ್ರಖರ ಎಕ್ಸ್-ರೇ ಕಿರಣದಲ್ಲಿ ಮಸುಕನ್ನು ಮೂರು ಆಯಾಮಗಳಲ್ಲಿ ಅಳೆದು, ಚುಕ್ಕೆಗಳನ್ನು ತೆಗೆದುಹಾಕಿ, ಉಳಿದದ್ದನ್ನು ಫೂರಿಯೇ ಗಣಿತದಿಂದ ನಕ್ಷೆಯಾಗಿಸುತ್ತಾರೆ. ಯಾವ ದೂರದಲ್ಲಿ ಯಾವ ಜೋಡಿ ಸರಾಸರಿಗಿಂತ ಹೆಚ್ಚು, ಯಾವುದು ಕಡಿಮೆ ಎಂಬುದು ಅದರಲ್ಲಿ ಕಾಣುತ್ತದೆ. ಆದರೂ ಅದು ಒಂದೊಂದು ಪರಮಾಣುವಿನ ಫೋಟೊ ಅಲ್ಲ; ಎರಡನೆಯ ಸಾಕ್ಷಿ ಬೇಕೇ ಬೇಕು.

ಪರಮಾಣುಗಳ ನೆರೆಹೊರೆ ತಿಳಿಯಲು ಇಷ್ಟು ಪಾಡು ಪಡುವುದರಿಂದ ಲಾಭವೇನು ಎಂದು ಕೇಳುವವರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕೆಲಸ ನೋಡಬಹುದು. ಬೆಳ್ಳಿ-ಆಂಟಿಮೊನಿ-ಟೆಲ್ಯುರೈಡ್ ಶಾಖದಿಂದ ವಿದ್ಯುತ್ ಪಡೆಯಲು ಬಳಸುವ ವಸ್ತು. ಅದರಲ್ಲಿ ಬೆಳ್ಳಿ, ಆಂಟಿಮೊನಿಗಳು ಒಂದೇ ಬಗೆಯ ಜಾಗಗಳಲ್ಲಿ ಅಡ್ಡಾದಿಡ್ಡಿ ಕೂತಿರುತ್ತವೆ. ಕನಿಷ್ಕ ಬಿಸ್ವಾಸ್ ಅವರ ತಂಡ ಅದಕ್ಕೆ ಒಂದಿಷ್ಟು ಕ್ಯಾಡ್ಮಿಯಂ ಬೆರೆಸಿತು. ಕೆಲವೇ ನ್ಯಾನೊಮೀಟರ್ ಅಗಲದ ತಾಣಗಳಲ್ಲಿ ಬೆಳ್ಳಿ, ಆಂಟಿಮೊನಿ ಎರಡೂ ಸಾಲಾಗಿ ಕೂತದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿತು. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಆ ವರದಿಯಂತೆ, ಇಂಥ ವಸ್ತುಗಳ ಕ್ಷಮತೆ ಅಳೆಯುವ ಝಡ್‌ಟಿ ಸಂಖ್ಯೆ 573 ಕೆಲ್ವಿನ್ ಉಷ್ಣತೆಯಲ್ಲಿ 2.6ರ ಸುಮಾರಿಗೆ ಏರಿತು.